ಐದು ಅಕ್ಷರದ ಸಹಿ: ಬ್ರಹ್ಮಗಿರಿಯ ಚಪಡ ಮತ್ತು ಮೊಳಕಾಲ್ಮೂರಿನ ನವಿಲು

ಹೋದ ಕಂತು ಕೇಳಿದ ಕೆಲವರು, 'ಗ್ರಾಫಿಕ್ ಡಿಸೈನ್ ಇತಿಹಾಸ ಅಂದ್ರೆ ಬರೀ ಯುರೋಪು, ಅಮೆರಿಕ ಹೇಳ್ತೀರಲ್ಲ, ನಮ್ಮ ಕಡೆ ಏನೂ ಇಲ್ವಾ?' ಅಂತ ಕೇಳಿದ್ರಿ. ಇದೆ. ಎಲ್ಲೋ ದೂರದಲ್ಲಿ ಅಲ್ಲ, ನನ್ನ ಊರಿನ ಪಕ್ಕದಲ್ಲೇ ಇದೆ. ನಾನು ಚಳ್ಳಕೆರೆಯವನು. ಲೋಗೊ, ಲೇಬಲ್, ಪುಸ್ತಕದ ಮುಖಪುಟ, ಚಿತ್ರ ಬರೆಯೋದು ನನ್ನ ಹೊಟ್ಟೆಪಾಡು. ಆದರೂ ಈ ಕಥೆ ನನಗೆ ಗೊತ್ತಾಗಿದ್ದು ತಡವಾಗಿ. ಗೊತ್ತಾದ ರೀತಿಯೂ ಅಷ್ಟು ಹೆಮ್ಮೆಪಡುವಂಥದ್ದಲ್ಲ. ಅದನ್ನೂ ಹೇಳ್ತೀನಿ.

ಚಳ್ಳಕೆರೆಯಿಂದ ಬಳ್ಳಾರಿ ರಸ್ತೆ ಹಿಡಿದರೆ ತಳುಕು, ಬಿ.ಜಿ.ಕೆರೆ ದಾಟಿ ಹಾನಗಲ್ ಸಿಗುತ್ತೆ. ಅಲ್ಲಿಂದ ಮೊಳಕಾಲ್ಮೂರಿನ ಕಡೆ ತಿರುಗಬೇಕು. ಆ ತಾಲ್ಲೂಕಿನಲ್ಲಿ ಅಶೋಕನ ಶಾಸನಗಳು ಮೂರು ಕಡೆ ಇವೆ: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಸಿದ್ದಾಪುರವನ್ನು ಜನ ಈಗ ಅಶೋಕ ಸಿದ್ದಾಪುರ ಅಂತಲೇ ಕರೀತಾರೆ. ಈ ಮೂರನ್ನೂ 1892ರಲ್ಲಿ ಬೆಳಕಿಗೆ ತಂದವರು ಬಿ. ಎಲ್. ರೈಸ್. ಬೆಂಗಳೂರಿನಲ್ಲೇ ಹುಟ್ಟಿ, ಮೈಸೂರು ಸಂಸ್ಥಾನದ ಶಾಸನಗಳನ್ನು ಊರೂರು ತಿರುಗಿ ಸಂಗ್ರಹಿಸಿದ ಮನುಷ್ಯ. ಆದರೆ ಅವರು ಬರುವ ಮೊದಲೇ ಊರಿನವರು ಆ ಕಲ್ಲುಗಳಿಗೆ ಹೆಸರಿಟ್ಟಿದ್ದರು. ಬ್ರಹ್ಮಗಿರಿಯದು 'ಅಕ್ಷರ ಗುಂಡು'. ಜಟಿಂಗ ರಾಮೇಶ್ವರದ್ದು 'ಬಳೆಗಾರರ ಗುಂಡು', ಯಾಕಂದ್ರೆ ಜಾತ್ರೆಯಲ್ಲಿ ಬಳೆ ಮಾರುವವರು ಅಂಗಡಿ ಹೂಡುತ್ತಿದ್ದ ಜಾಗ ಅದು. ಓದೋಕೆ ಬಾರದ ಲಿಪಿಯಾದರೂ ಅದು ಅಕ್ಷರ ಅನ್ನೋದು ಅವರಿಗೆ ಗೊತ್ತಿತ್ತು. ನನ್ನ ಕಸುಬಿನವನಿಗೆ ಇದು ಸಣ್ಣ ವಿಷಯ ಅಲ್ಲ.

ಶಾಸನದಲ್ಲಿ ಏನಿದೆ ಅನ್ನೋದನ್ನ ಶಾಲೆಯಲ್ಲಿ ಓದಿರ್ತೀರಿ, ಬೇಗ ಹೇಳಿಬಿಡ್ತೀನಿ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ, ದೇವಾನಾಂಪ್ರಿಯನ ಮಾತನ್ನು ತಲುಪಿಸ್ತಾರೆ. ಇಸಿಲ ಅಂದರೆ ಅಲ್ಲೇ ಬೆಟ್ಟದ ಬುಡದಲ್ಲಿದ್ದ ಪಟ್ಟಣ. ತಂದೆ ತಾಯಿಯ ಮಾತು ಕೇಳಬೇಕು, ಪ್ರಾಣಿಗಳ ಮೇಲೆ ದಯೆ ಇರಬೇಕು, ಸತ್ಯ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಕಾಲ ಕ್ರಿಸ್ತಪೂರ್ವ 3ನೇ ಶತಮಾನ.

ನಾನು ನಿಲ್ಲೋದು ಕೊನೆಯ ಸಾಲಿನಲ್ಲಿ. ಅಲ್ಲಿ ರಾಜನ ಮಾತು ಮುಗಿದು ಇನ್ನೊಬ್ಬನ ಮಾತು ಬರುತ್ತೆ. 'ಚಪಡೇನ ಲಿಖಿತೇ ಲಿಪಿಕರೇಣ'. ಲಿಪಿಕಾರನಾದ ಚಪಡ ಬರೆದದ್ದು. ಮೂರು ಕಡೆಯೂ ಚಪಡನ ಸಹಿ ಇದೆ. ನಮ್ಮ ನೆಲದಲ್ಲಿ ಅಕ್ಷರ ಬರೆಯೋ ಕೆಲಸ ಮಾಡಿ 'ಇದು ನನ್ನ ಕೆಲಸ' ಅಂತ ಹೆಸರು ಹಾಕಿದವರಲ್ಲಿ ನಮಗೆ ಸಿಗೋ ಮೊದಲಿಗ ಈತ.

ಇನ್ನೊಂದು ಇದೆ. 'ಚಪಡೇನ ಲಿಖಿತೇ' ಅನ್ನೋವರೆಗೂ ಬ್ರಾಹ್ಮಿ. ಆಮೇಲೆ ಬರೋ 'ಲಿಪಿಕರೇಣ' ಅನ್ನೋ ಐದು ಅಕ್ಷರ ಮಾತ್ರ ಖರೋಷ್ಠಿ ಲಿಪಿಯಲ್ಲಿವೆ. ಬ್ರಾಹ್ಮಿ ಎಡದಿಂದ ಬಲಕ್ಕೆ ಓಡಿದರೆ ಖರೋಷ್ಠಿ ಬಲದಿಂದ ಎಡಕ್ಕೆ. ಖರೋಷ್ಠಿ ಬಳಕೆಯಲ್ಲಿದ್ದದ್ದು ಗಾಂಧಾರದ ಕಡೆ, ಈಗಿನ ಪಾಕಿಸ್ತಾನದ ಪೇಶಾವರದ ಸುತ್ತ. ಅಶೋಕನ ಶಾಬಾಜ್‌ಗಢಿ, ಮಾನ್‌ಸೇಹ್ರಾ ಶಾಸನಗಳು ಆ ಲಿಪಿಯಲ್ಲೇ ಇವೆ. ಹಾಗಾಗಿ ಚಪಡ ಆ ಸೀಮೆಯವನು, ಇಲ್ಲಾ ಅಲ್ಲಿ ಕೆಲಸ ಕಲಿತವನು ಅಂತ ವಿದ್ವಾಂಸರು ಊಹಿಸ್ತಾರೆ.

ಇಸಿಲದಲ್ಲಿ ಆ ಐದು ಅಕ್ಷರ ಯಾರು ಓದಬೇಕಿತ್ತು? ಬಹುಶಃ ಯಾರೂ ಅಲ್ಲ. ರಾಜನ ಮಾತು ಎಲ್ಲರಿಗೆ, ತನ್ನ ಹೆಸರು ಎಲ್ಲರಿಗೆ, ತನ್ನ ಕಸುಬಿನ ಹೆಸರು ಮಾತ್ರ ಕಸುಬು ಬಲ್ಲವರಿಗೆ. ನಾನು ಇದನ್ನ ಹೀಗೆ ಓದ್ತೀನಿ, ಇತಿಹಾಸಕಾರರು ಒಪ್ಪಬೇಕು ಅಂತೇನಿಲ್ಲ. ಸ್ವಲ್ಪ ಜಂಬವೂ ಇದ್ದಿರಬಹುದು: ನೋಡ್ರಪ್ಪಾ, ನನಗೆ ಎರಡು ಲಿಪಿ ಬರುತ್ತೆ!

ಕೆಲಸದ ಗುಣವನ್ನೂ ನೋಡಬೇಕು. ಹೆಚ್ಚುಕಡಿಮೆ ಒಂದೇ ಒಕ್ಕಣೆ, ಆದರೆ ಬ್ರಹ್ಮಗಿರಿಯಲ್ಲಿ 13 ಸಾಲು, ಸಿದ್ದಾಪುರದಲ್ಲಿ 22. ಬಂಡೆ ಅಗಲ ಇದ್ದಲ್ಲಿ ಸಾಲು ಉದ್ದ, ಇಲ್ಲದಲ್ಲಿ ಗಿಡ್ಡ. ಈಗ ನಾವು ಒಂದೇ ಪೋಸ್ಟರನ್ನು ಗೋಡೆಗೊಂದು ಅಳತೆ, ಮೊಬೈಲಿಗೊಂದು ಅಳತೆ ಅಂತ ಕೂಡಿಸ್ತೀವಲ್ಲ, ಅದೇ ತಲೆನೋವು. ಬಂಡೆಯಲ್ಲಿ 'ಅನ್‌ಡೂ' ಒತ್ತೋಕೂ ಆಗಲ್ಲ. ಹಾಂ, ಉಳಿ ಹಿಡಿದು ಕೊರೆದವನೂ ಚಪಡನೇ ಆಗಿರಬೇಕು ಅಂತಿಲ್ಲ. ಲಿಪಿಕಾರ ಬರೆದುಕೊಟ್ಟ ಗೆರೆಯ ಮೇಲೆ ಇನ್ನೊಬ್ಬ ಕಲ್ಲುಕುಟಿಗ ಕೊರೆದಿರಬಹುದು. ಹಾಗಿದ್ದರೆ ಅವನ ಹೆಸರು ಅಲ್ಲೇ ಬಿಟ್ಟುಹೋಯ್ತು. ಇದನ್ನ ಮನಸ್ಸಲ್ಲಿಟ್ಕೊಳ್ಳಿ.

ಆಮೇಲಿನ ಕರ್ನಾಟಕದಲ್ಲಿ ಸಹಿ ಹಾಕೋರು ಕಮ್ಮಿ ಇರಲಿಲ್ಲ. ಬೇಲೂರಿನ ಮದನಿಕೆಯರ ಕೆಳಗೆ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಹೆಸರು ಕೊರೆದಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಸಿಗುತ್ತೆ. ನಮ್ಮ ಶಿಲ್ಪಿಗಳು ಹೆಸರು ಬಯಸದ ಮಹಾತ್ಮರು ಅಂತ ಭಾಷಣದಲ್ಲಿ ಹೇಳ್ತಾರಲ್ಲ, ಅದು ಪೂರ್ತಿ ನಿಜ ಅಲ್ಲ. ಹಾಕೋಕೆ ಜಾಗ ಕೊಟ್ಟಲ್ಲಿ ಹಾಕಿದ್ದಾರೆ.

ಅಶೋಕನಿಂದಲೇ ಒಂದು ದೊಡ್ಡ ಜಿಗಿತ ಜಿಗಿಯೋಣ, 1950ಕ್ಕೆ. ಸಾರನಾಥದ ಅಶೋಕ ಸ್ತಂಭದ ಸಿಂಹಗಳು ಆ ವರ್ಷ ಜನವರಿ 26ರಂದು ದೇಶದ ಲಾಂಛನವಾದವು. ನಮ್ಮ ಸಂವಿಧಾನದ ಇಂಗ್ಲಿಷ್ ಮೂಲಪ್ರತಿ ಅಚ್ಚಿನದ್ದಲ್ಲ, ಕೈಬರಹದ್ದು. ಚಿತ್ರಗಳ ಹೊಣೆ ಶಾಂತಿನಿಕೇತನದ ನಂದಲಾಲ್ ಬೋಸ್ ಮತ್ತವರ ಶಿಷ್ಯರದ್ದು. ಆ ಪ್ರತಿಗೆ ಸಿಂಹಲಾಂಛನ ಬರೆದವರು ಅವರ ಶಿಷ್ಯ ದೀನಾನಾಥ ಭಾರ್ಗವ. ಅಕ್ಷರ ಬರೆದವರು ಪ್ರೇಮ್ ಬಿಹಾರಿ ನಾರಾಯಣ್ ರಾಯ್‌ಜಾದಾ. ಅವರು ಸಂಭಾವನೆ ಬೇಡ ಅಂದರಂತೆ. ಕೇಳಿದ್ದು ಒಂದೇ: ಪ್ರತಿ ಪುಟದಲ್ಲೂ ನನ್ನ ಹೆಸರಿರಬೇಕು, ಕೊನೆಯ ಪುಟದಲ್ಲಿ ನನ್ನ ಹೆಸರಿನ ಜೊತೆ ನನ್ನ ಅಜ್ಜನ ಹೆಸರು. ಅಜ್ಜನೇ ಅವರಿಗೆ ಅಕ್ಷರ ಕಲಿಸಿದ ಗುರು. ಬ್ರಹ್ಮಗಿರಿ ಬಂಡೆಯಲ್ಲಿ ಶಿಷ್ಯ ಗುರುವನ್ನು ಗೌರವಿಸಬೇಕು ಅನ್ನೋ ಸಾಲಿದೆ ಅಂದೆನಲ್ಲ, ಈ ಕಥೆ ಕೇಳಿದಾಗೆಲ್ಲ ನನಗದು ನೆನಪಾಗುತ್ತೆ.

ಇದಕ್ಕೆ ಉಲ್ಟಾ ಕಥೆಯೂ ಇದೆ. ಚಳ್ಳಕೆರೆ ಕಡೆ ಕುರಿ ಉಣ್ಣೆಯ ಕರಿಕಂಬಳಿ ನೇಯ್ತಾರೆ, ಹುಣಸೆ ಬೀಜದ ಗಂಜಿ ಹಾಕಿ ಗಟ್ಟಿ ಮಾಡ್ತಾರೆ. ಆ ಕಂಬಳಿ ಮೇಲೆ ಯಾವ ಚಿಹ್ನೆಯೂ ಇರಲ್ಲ. ಆದರೆ ಪೇಟೆಯ ಉಣ್ಣೆ ಸ್ವೆಟರಿನ ಮೇಲೆ ನೂಲಿನ ಉಂಡೆಯಂಥ ಗೆರೆಗಳ ಗುರುತು ನೋಡಿರ್ತೀರಿ, ವೂಲ್‌ಮಾರ್ಕ್. 1964ರ ಸ್ಪರ್ಧೆಯಲ್ಲಿ ಗೆದ್ದ ವಿನ್ಯಾಸ ಅದು. ಗೆದ್ದವನ ಹೆಸರು ಫ್ರಾನ್ಸೆಸ್ಕೊ ಸರೋಲಿಯಾ ಅಂತ ದಾಖಲಾಯ್ತು. ಅದನ್ನು ನಿಜಕ್ಕೂ ಮಾಡಿದ್ದು ಆ ಸ್ಪರ್ಧೆಯ ತೀರ್ಪುಗಾರರಲ್ಲೇ ಒಬ್ಬರಾಗಿದ್ದ ಫ್ರಾಂಕೊ ಗ್ರಿನ್ಯಾನಿ ಅಂತ ಈಗ ಬಹುತೇಕರು ಒಪ್ತಾರೆ. ಜಗತ್ತಿನ ಅತಿ ಪರಿಚಿತ ಚಿಹ್ನೆಗಳಲ್ಲಿ ಒಂದು, ಅದಕ್ಕೆ ಎಷ್ಟೋ ವರ್ಷ ಬೇರೆ ಹೆಸರು!

ಈಗ ನನ್ನ ಕಥೆ.

ನಮ್ಮಪ್ಪ ಚಳ್ಳಕೆರೆಯಲ್ಲಿ ಬೋರ್ಡ್ ಬರೀತಿದ್ರು. ಎಣ್ಣೆ ಮಿಲ್ಲುಗಳ ಊರು ನಮ್ಮದು, ಶೇಂಗಾ ಸುಗ್ಗಿ ಚೆನ್ನಾಗಾದ ವರ್ಷ ಗೋಡೆ ಬರಹಕ್ಕೆ ಬಿಡುವೇ ಇರ್ತಿರಲಿಲ್ಲ. ಎಷ್ಟೇ ಅವಸರ ಇದ್ರೂ ಕೆಳಗೆ ಬಲಮೂಲೆಯಲ್ಲಿ ಹೆಸರು, ಪಕ್ಕದಲ್ಲಿ 'ಆರ್ಟ್ಸ್'. ನಾನು ಚಿಕ್ಕವನಿದ್ದಾಗ ಊರಲ್ಲಿ ನಡೀತಾ ಎಷ್ಟು ಗೋಡೆ ನಮ್ಮಪ್ಪಂದು ಅಂತ ಎಣಿಸ್ತಿದ್ದೆ. ಫ್ಲೆಕ್ಸ್ ಬಂತು, ಬಲಮೂಲೆ ಹೋಯ್ತು.

ಅಂಥವನ ಮಗ ನಾನು. ಬೆಂಗಳೂರಿನಲ್ಲಿ ಕೆಲಸ ಮಾಡ್ತಿದ್ದಾಗ ಒಂದು ಸೀರೆ ವ್ಯಾಪಾರದವರಿಗೆ ಲೋಗೊ, ಡಬ್ಬ, ಕೈಚೀಲ ಎಲ್ಲಾ ಮಾಡಿಕೊಡಬೇಕಿತ್ತು. ಅವರು ಮೊಳಕಾಲ್ಮೂರು ರೇಷ್ಮೆ ಸೀರೆ ಮಾರೋರು. ನಾಲ್ವಡಿ ಕೃಷ್ಣರಾಜ ಒಡೆಯರ ಪೋಷಣೆ ಇದ್ದ ನೇಯ್ಗೆ, 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದ ಸೀರೆ. ಹಣ್ಣು, ಹೂವು, ಪ್ರಾಣಿ ಪಕ್ಷಿ ಅದರ ಬುಟ್ಟಾಗಳು. ನಮ್ಮಮ್ಮನ ಹಳೇ ಸೀರೆಯ ಸೆರಗಲ್ಲಿ ಒಂದು ನವಿಲಿತ್ತು. ಅದರ ಬಾಲದ ಕೊನೆಯ ಗರಿ ಹೊರಗೆ ಚಾಚದೆ ಒಳಗೆ ಮಡಚಿಕೊಂಡಿತ್ತು. ನನಗೆ ಅದೇ ಇಷ್ಟ ಆಯ್ತು. ಫೋಟೊ ತೆಗೆದು, ಗೆರೆ ತಿದ್ದಿ, ಲೋಗೊ ಮಾಡಿದೆ. ಎಲ್ಲರೂ ಮೆಚ್ಚಿದ್ರು. ನನ್ನ ಕೆಲಸಗಳ ಪಟ್ಟಿಯಲ್ಲಿ 'ಜನಪದ ಮೂಲದ ವಿನ್ಯಾಸ' ಅಂತ ಬರೆದು ಕೆಳಗೆ ನನ್ನ ಹೆಸರು ಹಾಕ್ಕೊಂಡೆ.

ಆಮೇಲೊಂದು ದಿನ ಮೊಳಕಾಲ್ಮೂರಿಗೆ ಮಗ್ಗದ ಚಿತ್ರ ತೆಗೆಯೋಕೆ ಹೋಗಿದ್ದೆ. ಜಕಾರ್ಡಿಗೆ ಗ್ರಾಫ್ ಬರೆಯೋ ಒಬ್ಬ ಹಿರಿಯರ ಮನೆ. ಗೊತ್ತಿಲ್ಲದೋರಿಗೆ ಹೇಳ್ತೀನಿ: ಸೀರೆಯ ಚಿತ್ರವನ್ನ ಮೊದಲು ಚೌಕುಳಿ ಕಾಗದದ ಮೇಲೆ ಬರೀಬೇಕು. ಒಂದೊಂದು ಚೌಕವೂ ಹಾಸು ಮತ್ತು ಹೊಕ್ಕು ಸೇರೋ ಒಂದು ಜಾಗ. ತುಂಬಿದ ಚೌಕಕ್ಕೆ ರಟ್ಟಿನ ಕಾರ್ಡಿನಲ್ಲಿ ತೂತು. ತೂತು ಇದ್ದಲ್ಲಿ ಕೊಕ್ಕೆ ಎಳೆಯನ್ನ ಮೇಲೆತ್ತುತ್ತೆ, ಲಾಳಿ ಅದರಡಿ ಓಡುತ್ತೆ. ಕಾರ್ಡುಗಳನ್ನ ದಾರದಲ್ಲಿ ಪೋಣಿಸಿ ಮಗ್ಗದ ಮೇಲೆ ಸುತ್ತಿಗೆ ಹಾಕ್ತಾರೆ. ನಮ್ಮ ಕಂಪ್ಯೂಟರ್ ಪರದೆಯ ಪಿಕ್ಸೆಲ್ ಲೆಕ್ಕಾನೇ, ಆದರೆ ಇಲ್ಲಿ ತಪ್ಪಾದರೆ ರೇಷ್ಮೆ ಹಾಳು.

ಊಟಕ್ಕೆ ಕೂತಾಗ ನನ್ನ ಚೀಲದಲ್ಲಿದ್ದ ಸೀರೆ ಡಬ್ಬ ನೋಡಿದ್ರು. ಕನ್ನಡಕ ಏರಿಸ್ಕೊಂಡು ಹತ್ತಿರ ಹಿಡಿದು, 'ಇದು ನಂದಲ್ವೇನಪ್ಪಾ?' ಅಂದ್ರು.

'ಏನ್ ನಿಮ್ದು ಅಜ್ಜಾ?'

'ಈ ನವಿಲು. ನಾನು ಬರ್ದಿದ್ದು ಐತಿದು. ಇನ್ನೂರ ನಲವತ್ತು ಕೊಕ್ಕೆ ಜಕಾರ್ಡು. ಗರಿ ಬರ್ಕೊಂಡು ಹೋಗ್ತಾ ಕೊಕ್ಕೆ ಸಾಲ್ಲಿಲ್ಲ. ಬಿಡಾಕೆ ಮನಸಾಗ್ಲಿಲ್ಲ, ಒಳಕ್ಕೆ ಮಡಚ್ದೆ.'

ನಾನು ಜನಪದ ಅಂದ್ಕೊಂಡಿದ್ದು ಒಬ್ಬ ಮನುಷ್ಯ ಒಂದು ಮಧ್ಯಾಹ್ನ ತಗೊಂಡ ತೀರ್ಮಾನ. ಅಟ್ಟದಿಂದ ಹಳೇ ಕಾರ್ಡಿನ ಕಟ್ಟು ಇಳಿಸಿ ತೋರಿಸಿದ್ರು. ಮೊದಲ ಕಾರ್ಡಿನ ಮೇಲೆ ಶಾಯಿಯಲ್ಲಿ ಒಂದು ನಂಬರು, ಮಾಡಿಸಿದ ಅಂಗಡಿಯವರ ಹೆಸರು. ಅವರ ಹೆಸರು ಎಲ್ಲೂ ಇರಲಿಲ್ಲ. ನಾನು ತಪ್ಪು ಒಪ್ಕೊಂಡೆ, ನಿಮ್ಮ ಹೆಸರು ಹಾಕಿಸ್ತೀನಿ ಅಂದೆ. ಅವರು ನಕ್ಕು, 'ಹೆಸರಿರ್ಲಿ, ಇಂಥವು ಖಾಲಿ ಡಬ್ಬ ಎರಡಿದ್ರೆ ಕೊಡು, ಮೊಮ್ಮಗಳಿಗೆ ಬಳೆ ಇಡಾಕೆ ಆಗ್ತದೆ' ಅಂದ್ರು.

ನನ್ನ ಪಟ್ಟಿಯಲ್ಲಿ ಆ ಕೆಲಸದ ಕೆಳಗೆ ಈಗ ಅವರ ಹೆಸರು ಮೊದಲು, ನನ್ನದು ಆಮೇಲೆ. ಡಬ್ಬದ ಮೇಲೆ ಹಾಕಿ ಅಂತ ವ್ಯಾಪಾರದವರನ್ನ ಕೇಳಿದೆ. ಮುಂದಿನ ಪ್ರಿಂಟಲ್ಲಿ ನೋಡೋಣ ಅಂದ್ರು. ಎರಡು ಪ್ರಿಂಟ್ ಆಗಿದೆ, ಇನ್ನೂ ಬಂದಿಲ್ಲ. ಆ ಸೀರೆಗೆ ಭೌಗೋಳಿಕ ಸೂಚಕ ಇದೆ, ಸಿಲ್ಕ್ ಮಾರ್ಕ್ ಇದೆ, ಹ್ಯಾಂಡ್‌ಲೂಮ್ ಮಾರ್ಕ್ ಇದೆ. ಊರಿಗೊಂದು ಗುರುತು, ದಾರಕ್ಕೊಂದು, ಮಗ್ಗಕ್ಕೊಂದು. ಗ್ರಾಫ್ ಬರೆದವರಿಗೆ? ಯಾರೂ ಕೇಳಿಲ್ಲ. ಇದು ಕಾನೂನಿನ ಕಷ್ಟ ಅಂತ ನನಗನ್ನಿಸಲ್ಲ. ಡಬ್ಬದ ಒಳಮುಚ್ಚಳದಲ್ಲಿ ಒಂದು ಸಾಲು ಅಚ್ಚು ಹಾಕೋದಕ್ಕೆ ಹೆಚ್ಚಿನ ಖರ್ಚಿಲ್ಲ. ನಾನು ಈ ಕಸುಬಿನಲ್ಲಿರೋನು, ಅಷ್ಟು ನನಗೆ ಗೊತ್ತು.

ಅವತ್ತು ವಾಪಸ್ ಬರುವಾಗ ಮೊದಲ ಸಲ ಬ್ರಹ್ಮಗಿರಿಗೆ ಹೋದೆ. ಅಷ್ಟು ವರ್ಷ ಪಕ್ಕದಲ್ಲೇ ಇದ್ದು ನೋಡಿರಲಿಲ್ಲ. ನೀವು ಹೋದರೆ ಬಿಸಿಲೇರೋ ಮುಂಚೆ ಹೋಗಿ, ನೀರು ತಗೊಂಡು ಹೋಗಿ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರೋ ಕಲ್ಲು, ದೂರದಿಂದಲೇ ನೋಡಿ, ಮುಟ್ಟಬೇಡಿ. ಮೊದಲ ಸಾಲುಗಳಲ್ಲಿ ಜಾಸ್ತಿ ಹೊತ್ತು ನಿಲ್ಲಬೇಡಿ, ರಾಜಂದು ಎಲ್ಲಾ ಪುಸ್ತಕದಲ್ಲೂ ಇದೆ. ಕೆಳಗಿನ ಕೊನೆಯ ಸಾಲಿಗೆ ಬನ್ನಿ. ಅಲ್ಲಿ ಐದು ಅಕ್ಷರದ ಚಹರೆ ಬೇರೆ ಇರುತ್ತೆ. ಅವನ್ನ ಬಲಗಡೆಯಿಂದ ಶುರು ಮಾಡಿ ನೋಡಿ.