19 ಇಂಚಿನ ಹಠ: ಒಂದು ರ‍್ಯಾಕ್‌ನ ನೂರು ವರ್ಷದ ಕಥೆ

ಈಗ ನೀವು ಕೇಳ್ತಾ ಇರೋ ಈ ದನಿ ನಿಮ್ಮ ಫೋನಿಗೆ ಬರ್ತಾ ಇರೋದು ಎಲ್ಲೋ ಒಂದು ಡೇಟಾ ಸೆಂಟರಿನ ಸರ್ವರ್‌ನಿಂದ. ಅಂಥ ಸರ್ವರ್‌ಗಳನ್ನು ಒಂದರ ಮೇಲೊಂದು, ಇಡ್ಲಿ ಸ್ಟ್ಯಾಂಡಿನ ತಟ್ಟೆಗಳ ಹಾಗೆ, ಕಬ್ಬಿಣದ ಚೌಕಟ್ಟಿನಲ್ಲಿ ಜೋಡಿಸಿರ್ತಾರೆ. ಅದೇ ರ‍್ಯಾಕ್. ಜಗತ್ತಿನ ಯಾವ ಮೂಲೆಗೆ ಹೋದರೂ ಅದರ ಅಳತೆ ಹೆಚ್ಚೂಕಮ್ಮಿ ಒಂದೇ: ಮುಂಭಾಗದ ಅಗಲ 19 ಇಂಚು. ಇದನ್ನು ನಿಗದಿ ಮಾಡಿದ್ದು ಯಾರು ಗೊತ್ತಾ? ಕಂಪ್ಯೂಟರ್ ಕಂಪನಿಯಲ್ಲ. ಅಮೆರಿಕದ ಟೆಲಿಫೋನ್ ಕಂಪನಿ, ಎಟಿ ಅಂಡ್ ಟಿ.

1915ರ ಜನವರಿಯಲ್ಲಿ ನ್ಯೂಯಾರ್ಕ್–ಸ್ಯಾನ್ ಫ್ರಾನ್ಸಿಸ್ಕೊ ಟೆಲಿಫೋನ್ ಲೈನು ಶುರುವಾಯಿತು. ಅಷ್ಟು ದೂರ ತಂತಿಯಲ್ಲಿ ಹೋಗೋವಷ್ಟರಲ್ಲಿ ದನಿ ಸೊರಗಿಬಿಡುತ್ತೆ. ಅದಕ್ಕೆ ಮತ್ತೆ ಕಸುವು ತುಂಬೋಕೆ ದಾರಿಯಲ್ಲಿ ರಿಪೀಟರ್‌ಗಳು ಬೇಕು. ಮೊದಮೊದಲು ಇವನ್ನು ಕಪಾಟಿನ ಮೇಲೆ, ಮರದ ಪೆಟ್ಟಿಗೆಯಲ್ಲಿ, ಜಾಗ ಸಿಕ್ಕಲ್ಲಿ ಇಡ್ತಿದ್ರು. ಲೈನುಗಳು ಹೆಚ್ಚಾದವು, ಎಕ್ಸ್‌ಚೇಂಜ್ ಕಟ್ಟಡದಲ್ಲಿ ಕಾಲಿಡೋಕೆ ಜಾಗ ಸಾಲದಾಯಿತು. 1922ರ ಹೊತ್ತಿಗೆ ಕಂಪನಿಯ ಎಂಜಿನಿಯರ್‌ಗಳು ಒಂದು ನಿಯಮ ತಂದರು: ಯಾವುದೇ ಸಲಕರಣೆಯಾಗಲಿ, ಅಗಲ 19 ಇಂಚು, ಎತ್ತರ ಮಾತ್ರ 1.75 ಇಂಚಿನ ಲೆಕ್ಕದಲ್ಲಿ ಎಷ್ಟು ಪಟ್ಟಾದರೂ ಇರಬಹುದು. ಈಗಿನ ಹುಡುಗರು ‘1ಯು ಸರ್ವರ್’, ‘2ಯು ಸರ್ವರ್’ ಅಂತಾರಲ್ಲ, ಆ ‘ಯು’ ಅಂದ್ರೆ ಇದೇ 1.75 ಇಂಚು. 19ರಲ್ಲಿ ಯಾವ ಮಂತ್ರಶಕ್ತಿಯೂ ಇಲ್ಲ. ರೇಡಿಯೊದವರು, ರೆಕಾರ್ಡಿಂಗ್ ಸ್ಟುಡಿಯೊದವರು, ಆಮೇಲೆ ಕಂಪ್ಯೂಟರಿನವರು, ಎಲ್ಲರೂ ಅದನ್ನೇ ಹಿಡಿದುಕೊಂಡರು, ಅಷ್ಟೇ.

ಜಾಗ ಉಳಿಯಿತು. ಆದರೆ ಒತ್ತೊತ್ತಾಗಿ ಇಟ್ಟ ಯಂತ್ರಗಳು ಕಾಯುತ್ತವೆ. ಈ ಕಾವಿನ ಪ್ರಶ್ನೆಗೆ ಒಂದು ಉತ್ತರ ಸಿಕ್ಕಿದ್ದು ನಮ್ಮ ಕಿತ್ತೂರಿನಲ್ಲಿ. 1986ರಲ್ಲಿ ಸಿ-ಡಾಟ್ ಸಂಸ್ಥೆ ತನ್ನ ಮೊದಲ 128 ಲೈನಿನ ಗ್ರಾಮೀಣ ಎಕ್ಸ್‌ಚೇಂಜ್ ಹಾಕಿದ್ದು ಅಲ್ಲೇ. ಅದನ್ನು ‘ರ‍್ಯಾಕ್ಸ್’ ಅಂತ ಕರೀತಿದ್ರು. ಹೆಸರು ಕೇಳಿ ಗೊಂದಲ ಬೇಡ, ಅದು ರೂರಲ್ ಆಟೊಮ್ಯಾಟಿಕ್ ಎಕ್ಸ್‌ಚೇಂಜ್‌ನ ಚುಟುಕು ರೂಪ. ಹಳ್ಳಿ ಅಂದ ಮೇಲೆ ಧೂಳು, ಬಿಸಿಲು, ಹೋಗಿ ಬರೋ ಕರೆಂಟು. ಹಾಗಾಗಿ ಏಸಿ ಇಲ್ಲದೆ ಓಡಬೇಕು ಅನ್ನೋದನ್ನೇ ಮೊದಲ ಷರತ್ತಾಗಿ ಇಟ್ಟುಕೊಂಡು ಅದನ್ನು ವಿನ್ಯಾಸ ಮಾಡಿದ್ದರು. ನನ್ನ ಪ್ರಕಾರ ಈ ಕಥೆಗೆ ನಮ್ಮಲ್ಲಿ ಸಿಗಬೇಕಾದಷ್ಟು ಪ್ರಚಾರ ಸಿಕ್ಕೇ ಇಲ್ಲ.

ಅತ್ತ 1999ರ ಕ್ಯಾಲಿಫೋರ್ನಿಯಾದಲ್ಲಿ ಲೆಕ್ಕವೇ ಬೇರೆ. ಡೇಟಾ ಸೆಂಟರಿನವರು ಬಾಡಿಗೆ ಹಾಕ್ತಿದ್ದದ್ದು ಚದರಡಿಗೆ. ಕರೆಂಟು ಆ ಬಾಡಿಗೆಯಲ್ಲೇ ಸೇರಿತ್ತು. ಆಗಿನ್ನೂ ಪುಟ್ಟ ಕಂಪನಿಯಾಗಿದ್ದ ಗೂಗಲ್‌ಗೆ ಸಿಕ್ಕ ಮೊದಲ ಜಾಗ 7 ಅಡಿ ಉದ್ದ, 4 ಅಡಿ ಅಗಲ. ಸಿಕ್ಕಿದ್ದೇ ಇಷ್ಟು, ಇನ್ನು ಬಿಡೋದುಂಟಾ! ಡಬ್ಬವೇ ಇಲ್ಲದ ಕಂಪ್ಯೂಟರ್ ಮಾಡಿದರು. ಒಂದು ಟ್ರೇ ಮೇಲೆ ನಾಲ್ಕು ಮದರ್‌ಬೋರ್ಡ್. ಲೋಹಕ್ಕೆ ತಾಗಿ ಶಾರ್ಟ್ ಆಗದಿರಲಿ ಅಂತ ಕೆಳಗೆ ಕಾರ್ಕ್ ಹಾಳೆ, ಅದೇ ಬಾಟಲಿ ಬಿರಡೆಯ ಕಾರ್ಕ್. ಆ ಟ್ರೇಗಳು ಈಗ ಅಮೆರಿಕದ ಮ್ಯೂಸಿಯಂಗಳಲ್ಲಿವೆ. ಜಾಣತನ ಒಪ್ಪೋಣ. ಆದರೆ ಅಲ್ಲಿ ಉಳಿದದ್ದು ಬಾಡಿಗೆ ಮಾತ್ರ. ಕಾವು, ಕರೆಂಟಿನ ಖರ್ಚು ಕಟ್ಟಡದ ಮಾಲೀಕನ ತಲೆ ಮೇಲೆ ಬಿತ್ತು.

ಇದಕ್ಕೆ ಸವಾಲು ಹಾಕಿದ ಹಾಗೆ 2002ರಲ್ಲಿ ಲಾಸ್ ಅಲಮೋಸ್ ಪ್ರಯೋಗಾಲಯದ ವು-ಚುನ್ ಫೆಂಗ್ ತಂಡ ‘ಗ್ರೀನ್ ಡೆಸ್ಟಿನಿ’ ಕಟ್ಟಿತು. ತೆಳ್ಳನೆಯ ಬ್ಲೇಡ್ ಸರ್ವರ್‌ಗಳು, ಒಂದೇ ರ‍್ಯಾಕ್‌ನಲ್ಲಿ 240 ಪ್ರೊಸೆಸರ್, ನೆಲದ ಮೇಲೆ ಬರೀ 6 ಚದರಡಿ. ಧೂಳು ಹಿಡಿದ ಗೋದಾಮಿನಲ್ಲಿ, ವಿಶೇಷ ಏಸಿ ಇಲ್ಲದೆ, ಸುಮಾರು 3.2 ಕಿಲೊವ್ಯಾಟ್‌ನಲ್ಲಿ ಓಡ್ತು. ಗೀಸರ್ ಒಂದೂವರೆ ಆದ ಹಾಗೆ! ವೇಗ ಕಡಿಮೆ ಅಂತ ಆಡಿಕೊಂಡವರೂ ಇದ್ದರು.

2011ರಲ್ಲಿ ಫೇಸ್‌ಬುಕ್ ಶುರು ಮಾಡಿದ ಓಪನ್ ಕಂಪ್ಯೂಟ್ ಯೋಜನೆ ಆ 19 ಇಂಚಿಗೇ ಕೈ ಹಾಕಿತು. ಹಳೇ ರ‍್ಯಾಕ್‌ನ ಹೊರಗಿನ ಅಗಲ ಸಾಮಾನ್ಯವಾಗಿ 600 ಮಿ.ಮೀ., ಒಳಗೆ ಯಂತ್ರಕ್ಕೆ ದಕ್ಕೋದು ಸುಮಾರು 450. ಇವರು ಹೊರಗಿನ ಅಳತೆ ಹಾಗೇ ಬಿಟ್ಟು, ಒಳಗಿನದನ್ನು 538ಕ್ಕೆ ಹಿಗ್ಗಿಸಿದರು. ಎತ್ತರದ ‘ಯು’ 44.45 ಮಿ.ಮೀ. ಇದ್ದದ್ದು 48 ಆಯಿತು. ಜಾಗ ಹೆಚ್ಚಿದ್ದರಿಂದ ಗಾಳಿ ಸಲೀಸಾಗಿ ಆಡುತ್ತೆ. ಕಿರುಚೋ ಪುಟ್ಟ ಫ್ಯಾನ್‌ಗಳ ಬದಲು ನಿಧಾನ ತಿರುಗೋ ದೊಡ್ಡ ಫ್ಯಾನ್ ಹಾಕಬಹುದು.

ಆಮೇಲೆ ಎಐ ಬಂತು. 2024ರಲ್ಲಿ ಎನ್‌ವಿಡಿಯಾ ಒಂದೇ ರ‍್ಯಾಕ್‌ಗೆ 72 ಜಿಪಿಯು ತುಂಬಿಸಿ ತೋರಿಸಿತು. ತೂಕ 1,300 ಕಿಲೊಗಿಂತ ಹೆಚ್ಚು. ಫ್ಯಾನ್ ಗಾಳಿ ಒಂದರಿಂದ ಆಗದ ಮಾತು, ಪೈಪಿನಲ್ಲಿ ದ್ರವ ಹರಿಸಿಯೇ ತಣಿಸಬೇಕು. ರ‍್ಯಾಕ್ ಒಳಗೆ ಜಾಗ ಉಳಿಯಿತು ನಿಜ, ಆದರೆ ಹೊರಗೆ ಪಂಪು, ಟ್ರಾನ್ಸ್‌ಫಾರ್ಮರ್‌ಗಳಿಗೆ ಜಾಗ ಬೇಕಾಯಿತು. ಕರೆಂಟು ಸುಮಾರು 120 ಕಿಲೊವ್ಯಾಟ್. ಅಷ್ಟನ್ನು 30 ದಿನ ಬಿಡದೆ ಎಳೆದರೆ 86,400 ಯೂನಿಟ್. ನಮ್ಮ ಗೃಹಜ್ಯೋತಿಯಲ್ಲಿ ಒಂದು ಮನೆಗೆ ತಿಂಗಳಿಗೆ ಉಚಿತ ಮಿತಿ 200 ಯೂನಿಟ್ ಅಲ್ವಾ? ಭಾಗಿಸಿ ನೋಡಿ: 432 ಮನೆ. ಒಂದೇ ಒಂದು ರ‍್ಯಾಕ್‌ಗೆ.