ಸ್ಟೆನೋ ಹೋದ, ಕಿವಿ ಉಳಿಯಿತು: ಮುಂಬೈಯಲ್ಲಿ ಕೇಳಿ ಬರೆಯುವ ಕೆಲಸದ ಕಥೆ

ನೀವು ಮೀಟಿಂಗ್ ಮುಗಿಸಿ ಕಾಫಿ ತಗೊಳ್ಳೋಷ್ಟರಲ್ಲಿ ಯಾರು ಏನು ಹೇಳಿದರು ಅನ್ನೋದೆಲ್ಲ ಅಕ್ಷರವಾಗಿ ಇನ್‌ಬಾಕ್ಸಿಗೆ ಬಂದಿರುತ್ತೆ. ಇದೇ ಕೆಲಸಕ್ಕೆ ಒಂದು ಕಾಲದಲ್ಲಿ ಒಬ್ಬ ಮನುಷ್ಯ ಬೇಕಿತ್ತು. ಮುಂಬೈಯಲ್ಲಿ ಆ ಮನುಷ್ಯ ಎಷ್ಟೋ ಸಲ ನಮ್ಮೂರಿನವನೇ ಆಗಿರುತ್ತಿದ್ದ. ಇವತ್ತಿನ ಮಾತು ಅವನ ಬಗ್ಗೆ.

ಕರಾವಳಿಯಿಂದ ಮುಂಬೈಗೆ ಬಂದ ಎಷ್ಟೋ ಹುಡುಗರಿಗೆ ಮೊದಲು ಸಿಗುತ್ತಿದ್ದದ್ದು ಹೋಟೆಲ್ ಅಥವಾ ಕ್ಯಾಂಟೀನ್ ಕೆಲಸ. ಹಗಲು ದುಡಿತ, ಸಂಜೆ ರಾತ್ರಿಶಾಲೆ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ, ಬಿಲ್ಲವರ ಅಸೋಸಿಯೇಷನ್ ಇಂಥ ಸಂಘಗಳು ರಾತ್ರಿಶಾಲೆ ನಡೆಸಿದವು. ಅಲ್ಲಿ ಓದು ಮುಗಿಸಿ, ಮೇಲೆ ಟೈಪಿಂಗ್, ಶಾರ್ಟ್‌ಹ್ಯಾಂಡ್ ಕಲಿತರೆ ಫೋರ್ಟಿನ ಆಫೀಸುಗಳಲ್ಲಿ ಕೆಲಸ ಕೇಳಬಹುದಿತ್ತು. ಬಂಡವಾಳ ಬೇಕಿರಲಿಲ್ಲ, ನಿಮಿಷಕ್ಕೆ ಇಷ್ಟು ಪದ ಅನ್ನೋ ಸರ್ಟಿಫಿಕೇಟ್ ಬೇಕಿತ್ತು.

ಈ ಶಾರ್ಟ್‌ಹ್ಯಾಂಡ್ ಸ್ವಲ್ಪ ನೋಡೋಣ. ಐಸಾಕ್ ಪಿಟ್‌ಮನ್ 1837ರಲ್ಲಿ ಪ್ರಕಟಿಸಿದ ಪದ್ಧತಿ ಕಾಗುಣಿತ ಬಿಟ್ಟು ಧ್ವನಿಯನ್ನು ಹಿಡಿಯುತ್ತೆ. 'ಪ' ತೆಳು ಗೆರೆ, ಅದೇ ಗೆರೆ ದಪ್ಪವಾದರೆ 'ಬ'. ಸ್ವರಗಳು ಚುಕ್ಕಿ, ಪುಟ್ಟ ಗೀಟು. ವೇಗವಾಗಿ ಬರೆಯುವಾಗ ಸ್ವರಗಳನ್ನು ಹೆಚ್ಚಾಗಿ ಬಿಟ್ಟೇ ಬಿಡುತ್ತಾರೆ. ಆಮೇಲೆ ಟೈಪ್ ಮಾಡಲು ಕೂತಾಗ, ಹಿಂದುಮುಂದಿನ ಮಾತು ನೋಡಿ, ಇದು ಇಂಥ ಪದವೇ ಅಂತ ತೀರ್ಮಾನಿಸಬೇಕು. ಸಂದರ್ಭದಿಂದ ಪದ ಊಹಿಸೋದು! ಇವತ್ತಿನ ಲ್ಯಾಂಗ್ವೇಜ್ ಮಾಡೆಲ್ ಕೆಲಸವೂ ಒಂದರ್ಥದಲ್ಲಿ ಇದೇ ಅಲ್ವಾ? ಹಾಗಾಗಿ ಒಳ್ಳೆಯ ಸ್ಟೆನೋಗೆ ಬೆರಳಿನ ವೇಗ ಸಾಲದು. ಸಾಹೇಬರ ವ್ಯವಹಾರ, ಗಿರಾಕಿಗಳ ಹೆಸರು, ಕಾನೂನಿನ ಪದ ಎಲ್ಲ ಗೊತ್ತಿರಬೇಕಿತ್ತು. ವರ್ಷಾನುಗಟ್ಟಲೆ ಕೇಳಿ ಕೇಳಿ ಅದು ಬರುತ್ತಿತ್ತು.

ಯಂತ್ರವೂ ಇದೇ ಊರಿನದು. ಮುಂಬೈಯ ಗೋದ್ರೆಜ್ 1955ರಲ್ಲಿ ದೇಶೀ ಟೈಪ್‌ರೈಟರ್ ತಯಾರಿಸಿತು. ಕಾರ್ಬನ್ ಇಟ್ಟು ಮೂರು ನಾಲ್ಕು ಪ್ರತಿ ಹೊಡೆಯುವಾಗ ಒಂದು ಅಕ್ಷರ ತಪ್ಪಿದರೆ ಎಲ್ಲ ಪ್ರತಿಗಳಲ್ಲೂ ಅಳಿಸಬೇಕು. 2009ರಲ್ಲಿ ಆ ಕಂಪನಿ ಟೈಪ್‌ರೈಟರ್ ತಯಾರಿಕೆ ನಿಲ್ಲಿಸಿತು.

ನಡುವೆ ಡಿಕ್ಟಾಫೋನ್, ಟೇಪ್ ಬಂದವು. ಹೇಳುವವನ ಎದುರು ಬರೆಯುವವನು ಕೂರಬೇಕಾಗಿರಲಿಲ್ಲ. 1990ರ ದಶಕದ ಕೊನೆಗೆ ಇಬ್ಬರ ನಡುವೆ ಸಮುದ್ರವೇ ಬಂತು. ಅಮೆರಿಕದ ಡಾಕ್ಟರ್ ಸಂಜೆ ರೆಕಾರ್ಡ್ ಮಾಡಿದ್ದನ್ನು ಮುಂಬೈಯಲ್ಲಿ, ಬೆಂಗಳೂರಿನಲ್ಲಿ ಹುಡುಗ ಹುಡುಗಿಯರು ಹೆಡ್‌ಫೋನ್ ಹಾಕಿ, ಕಾಲಲ್ಲಿ ಪೆಡಲ್ ಒತ್ತುತ್ತಾ ಟೈಪ್ ಮಾಡಿದರು. ಡಾಕ್ಟರ್ ಎದ್ದು ಬರುವಷ್ಟರಲ್ಲಿ ರಿಪೋರ್ಟ್ ಸಿದ್ಧ. ಕೂಲಿ ಸಾಲಿನ ಲೆಕ್ಕ. ಸಾಮಾನ್ಯವಾಗಿ 65 ಅಕ್ಷರಕ್ಕೆ ಒಂದು ಸಾಲು.

ಅಲ್ಲಿ ಕಿವಿ ತಪ್ಪಿದರೆ ಏನಾಗುತ್ತೆ? 'ಹೈಪರ್' ಹೋಗಿ 'ಹೈಪೋ' ಆದರೆ ಕಾಯಿಲೆಯೇ ತಿರುಗಿಬಿಡುತ್ತೆ. 'ಇಲಿಯಮ್' ಅಂದರೆ ಸಣ್ಣಕರುಳಿನ ಕೊನೆಯ ಭಾಗವೂ ಹೌದು, ಸೊಂಟದ ಮೂಳೆಯೂ ಹೌದು. ಉಚ್ಚಾರ ಒಂದೇ, ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಮಾತ್ರ ಒಂದಕ್ಷರದ ವ್ಯತ್ಯಾಸ. ಶಬ್ದವಷ್ಟೇ ಕೇಳಿದವರಿಗೆ ಇದು ತಿಳಿಯಲ್ಲ, ರೋಗಿಯ ಪೂರ್ತಿ ಕಥೆ ಗಮನಿಸಿದವರಿಗೆ ತಿಳಿಯುತ್ತೆ.

ಆಮೇಲೆ ಯಂತ್ರವೇ ಕೇಳತೊಡಗಿತು. 1997ರಲ್ಲಿ ಡ್ರ್ಯಾಗನ್ ನ್ಯಾಚುರಲಿ ಸ್ಪೀಕಿಂಗ್ ಬಂತು. ಕ್ರಮೇಣ ಟೈಪ್ ಮಾಡುತ್ತಿದ್ದವರು ಯಂತ್ರ ಬರೆದದ್ದನ್ನು ತಿದ್ದುವವರಾದರು, ಸಾಲಿನ ದರವೂ ಇಳಿಯಿತು. 2023ರ ಫೆಬ್ರವರಿ 21ರಂದು ಸುಪ್ರೀಂ ಕೋರ್ಟ್ ಎಐ ಬಳಸಿ ವಾದಗಳ ಲೈವ್ ಟ್ರಾನ್ಸ್‌ಕ್ರಿಪ್ಷನ್ ಶುರು ಮಾಡಿತು. ಆಗ ನಡೆಯುತ್ತಿದ್ದದ್ದು ಮಹಾರಾಷ್ಟ್ರದ ಶಿವಸೇನೆ ವಿವಾದದ ಕೇಸು. ಅಲ್ಲೂ ಯಂತ್ರದ ಪ್ರತಿಯನ್ನು ವಕೀಲರು ನೋಡಿ ತಿದ್ದಬೇಕು ಅನ್ನೋ ವ್ಯವಸ್ಥೆ ಇತ್ತು.

ಅಂದರೆ ಪ್ರತಿ ಸಲ ಬೆರಳಿನ ಕೆಲಸ ಹೋಯಿತು, ಕಿವಿಯ ಕೆಲಸ ಉಳಿಯಿತು. ಆದರೆ ಒಂದು ತೊಡಕಿದೆ. ಆ ಕಿವಿ ತಯಾರಾಗುತ್ತಿದ್ದದ್ದೇ ಬೆರಳಿನ ಕೆಲಸದಲ್ಲಿ. ರಾತ್ರಿಶಾಲೆಯ ಹುಡುಗ ಕಾಗದಗಳನ್ನು ಟೈಪ್ ಮಾಡುತ್ತಲೇ ವ್ಯವಹಾರ ಕಲಿತ. ಮೊದಲ ಮೆಟ್ಟಿಲೇ ಇಲ್ಲದಿದ್ದರೆ ನಾಳೆ ತಿದ್ದುವವರು ಎಲ್ಲಿಂದ ಬರ್ತಾರೆ? ನಿಮ್ಮ ಟೀಮಿನಲ್ಲಿ ಫ್ರೆಶರ್‌ಗಳ ಕೆಲಸದ ಬಗ್ಗೆ ನಡೀತಿರೋ ಚರ್ಚೆಯೂ ಇದೇ ತಾನೆ.

ಕನ್ನಡಕ್ಕಂತೂ ಕಿವಿ ಇನ್ನೂ ಬೇಕು. 2022ರಲ್ಲಿ ಬಂದ ಓಪನ್‌ಎಐನ ವಿಸ್ಪರ್‌ಗೆ 6,80,000 ಗಂಟೆಗಳ ಧ್ವನಿ ಕೇಳಿಸಿದ್ದರು. ಅದರಲ್ಲಿ ಇಂಗ್ಲಿಷ್ ಬಿಟ್ಟು ಉಳಿದ 96 ಭಾಷೆಗಳನ್ನು ಆಯಾ ಭಾಷೆಯಲ್ಲೇ ಬರೆದದ್ದು ಎಲ್ಲ ಸೇರಿ 1,17,000 ಗಂಟೆ. ಆ 96ರಲ್ಲಿ ಕನ್ನಡ ಒಂದು. ಕುಂದಾಪುರದ ಕನ್ನಡ, ಮರಾಠಿ ಬೆರೆತ ಮುಂಬೈ ಕನ್ನಡ ಯಂತ್ರಕ್ಕೆ ಎಷ್ಟು ಕಿವಿಗೆ ಬಿದ್ದಿರಬಹುದು, ನೀವೇ ಯೋಚಿಸಿ.

ನಿಮ್ಮ ಮನೆತನದಲ್ಲಿ ಸ್ಟೆನೋ ಆಗಿದ್ದ ಮಾವ, ಟೈಪಿಸ್ಟ್ ಆಗಿದ್ದ ಚಿಕ್ಕಮ್ಮ ಇದ್ದಾರಾ? ಈ ಸಲ ಊರಿಗೆ ಹೋದಾಗ ಅವರ ಮಾತು ರೆಕಾರ್ಡ್ ಮಾಡಿ. ಬರೆಯೋದನ್ನು ಬೇಕಿದ್ದರೆ ಯಂತ್ರಕ್ಕೆ ಕೊಡಿ, ತಿದ್ದಲು ಮಾತ್ರ ನೀವೇ ಕೂತುಕೊಳ್ಳಿ.