ವಿಶ್ವವಿದ್ಯಾನಿಲಯಗಳಲ್ಲಿ ಭೂಗೋಳಶಾಸ್ತ್ರ ಹಾಗೂ ಮಾನವಶಾಸ್ತ್ರ ವ್ಯಾಸಂಗ

ನೆಲದ ಏರಿಳಿತ, ಹವಾಮಾನ, ಜಲಮೂಲ, ಮಣ್ಣು ಹಾಗೂ ಜನವಸತಿಗಳ ಹಂಚಿಕೆಯನ್ನು ಭೂಗೋಳಶಾಸ್ತ್ರವು ಅಭ್ಯಸಿಸುತ್ತದೆ. ಮನುಷ್ಯನ ಶಾರೀರಿಕ ವಿಕಾಸ, ಬಂಧುತ್ವ, ಕಸುಬು, ಆಚರಣೆ ಮತ್ತು ನಂಬಿಕೆಗಳು ಮಾನವಶಾಸ್ತ್ರದ ವಸ್ತುಗಳು. ಇವೆರಡೂ ಪರಸ್ಪರ ಸಂಬಂಧವಿಲ್ಲದ ವಿಷಯಗಳೆಂಬ ಭಾವನೆ ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿದೆ. ಆದರೆ ಒಂದು ಊರಿನ ಜನ ಹೇಗೆ ಬದುಕುತ್ತಾರೆ ಎಂಬ ಪ್ರಶ್ನೆಯನ್ನು ಆ ಊರು ಎಲ್ಲಿದೆ ಎಂಬ ಪ್ರಶ್ನೆಯಿಂದ ಬೇರ್ಪಡಿಸುವುದು ಕಷ್ಟ.

ಹಿನ್ನೆಲೆ

ಜರ್ಮನಿಯ ಫ್ರಾನ್ಸ್ ಬೋವಾಸ್ 1881ರಲ್ಲಿ ಡಾಕ್ಟರೇಟ್ ಪಡೆದದ್ದು ಭೌತಶಾಸ್ತ್ರದಲ್ಲಿ. 1883-84ರಲ್ಲಿ ಅವರು ಉತ್ತರ ಧ್ರುವ ಪ್ರದೇಶದ ಬ್ಯಾಫಿನ್ ದ್ವೀಪಕ್ಕೆ ತೆರಳಿದ್ದು ಭೂಗೋಳಶಾಸ್ತ್ರದ ಅಧ್ಯಯನಕ್ಕಾಗಿ. ಅಲ್ಲಿನ ಇನ್ಯೂಟ್ ಜನರು ತಮ್ಮ ನೆಲವನ್ನು ಕುರಿತು ಹೊಂದಿದ್ದ ತಿಳಿವಳಿಕೆಯೂ ಅವರು ನೆನಪಿನಿಂದ ಬರೆದುಕೊಟ್ಟ ನಕ್ಷೆಗಳೂ ಬೋವಾಸ್ ಅವರ ಅಧ್ಯಯನದ ಭಾಗವಾದವು. ಮುಂದೆ ಅವರು ಅಮೆರಿಕದಲ್ಲಿ ಮಾನವಶಾಸ್ತ್ರಕ್ಕೆ ಭದ್ರ ಬುನಾದಿ ಹಾಕಿದರು. ವೇಲ್ಸ್ ದೇಶದ ಅಬರಿಸ್ಟ್‌ವಿತ್‌ನಲ್ಲಿ ಎಚ್.ಜೆ. ಫ್ಲೂರ್ ಅವರು 1917ರಿಂದ ಎರಡೂ ವಿಷಯಗಳಿಗೆ ಸೇರಿದ ಒಂದೇ ಪ್ರಾಧ್ಯಾಪಕ ಪೀಠವನ್ನು ಅಲಂಕರಿಸಿದ್ದರು. ಅವರ ನಂತರ 1930ರಲ್ಲಿ ಆ ಪೀಠಕ್ಕೆ ಬಂದ ಡ್ಯಾರಿಲ್ ಫೋರ್ಡ್ ಅವರೂ ಭೂಗೋಳಶಾಸ್ತ್ರದಿಂದ ಆರಂಭಿಸಿ ಮಾನವಶಾಸ್ತ್ರಜ್ಞರಾಗಿ ಹೆಸರಾದವರು. ಅಮೆರಿಕದ ಲೂಸಿಯಾನ ರಾಜ್ಯ ವಿಶ್ವವಿದ್ಯಾನಿಲಯದಲ್ಲಿಯೂ ಈ ಎರಡು ವಿಷಯಗಳು ಒಂದೇ ವಿಭಾಗದಲ್ಲಿ ನೆಲೆಗೊಂಡವು.

ಭಾರತದಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯವು 1920ರ ಸುಮಾರಿಗೆ ಮಾನವಶಾಸ್ತ್ರದ ಸ್ನಾತಕೋತ್ತರ ಬೋಧನೆಯನ್ನು ಆರಂಭಿಸಿತು. ಅಲ್ಲಿ ಬೋಧಿಸಿದ ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ಹೆಸರು ಕನ್ನಡ ನಾಡಿಗೆ ಪರಿಚಿತವಾದುದು. ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕುಲಪತಿಗಳಾಗಿದ್ದ ಎಚ್.ವಿ. ನಂಜುಂಡಯ್ಯನವರು ಸಂಗ್ರಹಿಸಿದ್ದ ಸಾಮಗ್ರಿಯನ್ನು ಆಧರಿಸಿ ಅಯ್ಯರ್ ಅವರು ಪೂರ್ಣಗೊಳಿಸಿದ ಮೈಸೂರು ಸೀಮೆಯ ಬುಡಕಟ್ಟು ಹಾಗೂ ಜಾತಿಗಳ ಗ್ರಂಥವು 1928 ರಿಂದ 1935ರ ಅವಧಿಯಲ್ಲಿ ನಾಲ್ಕು ಸಂಪುಟಗಳಲ್ಲಿ ಪ್ರಕಟವಾಯಿತು.

ಎರಡು ಶಾಸ್ತ್ರಗಳನ್ನು ಒಬ್ಬರೇ ನಿರ್ವಹಿಸಿದ ನಿದರ್ಶನವಾಗಿ ನಿರ್ಮಲ್ ಕುಮಾರ್ ಬೋಸ್ (1901-1972) ಅವರನ್ನು ಹೆಸರಿಸಬೇಕು. ಭೂವಿಜ್ಞಾನ ಹಾಗೂ ಮಾನವಶಾಸ್ತ್ರ ಓದಿದ್ದ ಅವರು ಕಲ್ಕತ್ತಾದಲ್ಲಿ ಮಾನವ ಭೂಗೋಳವನ್ನು ಬೋಧಿಸಿ, 1959ರಿಂದ 1964ರವರೆಗೆ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣಾ ಸಂಸ್ಥೆಯ ನಿರ್ದೇಶಕರಾಗಿದ್ದರು. ಅವರ ಮಾರ್ಗದರ್ಶನದಲ್ಲಿ ದೇಶದ ಬಹುತೇಕ ಜಿಲ್ಲೆಗಳಿಂದ ಹಳ್ಳಿಗಳನ್ನು ಆಯ್ದು, ನೇಗಿಲು, ಗಾಣ, ಗಾಡಿ, ಮನೆಯ ಮಾಡು, ಉಡುಪು ಮುಂತಾದವುಗಳನ್ನು ನಕ್ಷೆಯ ಮೇಲೆ ಗುರುತಿಸಲಾಯಿತು. 1961ರಲ್ಲಿ ಪ್ರಕಟವಾದ ಈ ಫಲಿತಾಂಶದಲ್ಲಿ ನೇಗಿಲಿನ ಸೀಮೆ ಭಾಷೆಯ ಸೀಮೆಗೆ ಹೊಂದಿಕೆಯಾಗದೆ ಉಳಿಯಿತು. ರಾಜ್ಯಗಳ ಪುನರ್ವಿಂಗಡಣೆಯಾಗಿ ಐದೇ ವರ್ಷ ಕಳೆದಿದ್ದ ಆ ಕಾಲಕ್ಕೆ ಇದು ಚಿಂತನಾರ್ಹ ಸಂಗತಿಯೇ ಆಗಿತ್ತು.

ಮಂಡ್ಯದ ಎರಡು ಹಳ್ಳಿಗಳು

ಎರಡು ಶಾಸ್ತ್ರಗಳ ಸಂಬಂಧವನ್ನು ತರಗತಿಯಲ್ಲಿ ವಿವರಿಸಲು ಕರ್ನಾಟಕದ್ದೇ ಆದ ಉದಾಹರಣೆಯೊಂದಿದೆ. ಅರ್ಥಶಾಸ್ತ್ರದಲ್ಲಿ ತರಬೇತಿ ಪಡೆದಿದ್ದ ಮಾನವಶಾಸ್ತ್ರಜ್ಞೆ ಟಿ. ಸ್ಕಾರ್ಲೆಟ್ ಎಪ್‌ಸ್ಟೀನ್ ಅವರು 1954-56ರಲ್ಲಿ ಮಂಡ್ಯದ ಸಮೀಪದ ಎರಡು ಹಳ್ಳಿಗಳಲ್ಲಿ ನೆಲೆಸಿ ಅಧ್ಯಯನ ನಡೆಸಿದರು. ಅವುಗಳಿಗೆ ವಂಗಲ ಮತ್ತು ದಲೇನ ಎಂಬ ಬದಲಿ ಹೆಸರುಗಳನ್ನು ಇಡಲಾಗಿತ್ತು. 1930ರ ದಶಕದಲ್ಲಿ ವಿಶ್ವೇಶ್ವರಯ್ಯ ನಾಲೆಯ ನೀರು ಈ ಭಾಗಕ್ಕೆ ಹರಿದಾಗ ವಂಗಲದ ಜಮೀನುಗಳು ಗದ್ದೆಗಳಾದವು. ಭತ್ತ, ಕಬ್ಬು ಬೆಳೆದವು. ದಲೇನದ ಜಮೀನುಗಳು ನಾಲೆಯ ಮಟ್ಟಕ್ಕಿಂತ ಎತ್ತರದಲ್ಲಿದ್ದ ಕಾರಣ ಸುತ್ತಲೂ ನೀರಿದ್ದರೂ ಆ ಊರು ಬೆದ್ದಲಾಗಿಯೇ ಉಳಿಯಿತು.

ಹಣ ಹೆಚ್ಚಿದ ಊರಿನಲ್ಲಿಯೇ ಹಳೆಯ ಕಟ್ಟುಪಾಡುಗಳು ಹೆಚ್ಚು ಸಡಿಲಗೊಂಡಿರಬೇಕೆಂದು ಯಾರಾದರೂ ಊಹಿಸಬಹುದು. ಆದದ್ದು ಬೇರೆ. ವಂಗಲದಲ್ಲಿ ವ್ಯವಸಾಯವೇ ಕೈತುಂಬ ಕೆಲಸ ನೀಡಿದ್ದರಿಂದ ಒಕ್ಕಲಿಗ ಭೂಮಾಲೀಕರು ಹಾಗೂ ದಲಿತ ಕೂಲಿಕಾರರ ನಡುವಿನ ವಂಶಪಾರಂಪರ್ಯ ಸಂಬಂಧಗಳು ಬಹುಮಟ್ಟಿಗೆ ಮುಂದುವರಿದವು. ದಲೇನದ ಜನರು ಮಂಡ್ಯದ ನೌಕರಿ, ವ್ಯಾಪಾರ, ಗಾಡಿ ಬಾಡಿಗೆ ಮುಂತಾದ ದಾರಿಗಳನ್ನು ಹುಡುಕಿಕೊಂಡರು. ಅಲ್ಲಿ ಹಳೆಯ ಸಂಬಂಧಗಳು ವೇಗವಾಗಿ ಕಳಚಿದವು. ನೆಲದ ಎತ್ತರದಲ್ಲಿದ್ದ ಅಲ್ಪ ವ್ಯತ್ಯಾಸ ಸಮೋನ್ನತ ರೇಖೆಗಳ ನಕ್ಷೆಯಲ್ಲಿ ಕಾಣುತ್ತದೆ. ಅದರ ಪರಿಣಾಮವನ್ನು ತಿಳಿಯಲು ಮನೆ ಮನೆಯ ಸಾಲ, ಮದುವೆ, ಪಂಚಾಯಿತಿಗಳನ್ನು ಎಣಿಸಬೇಕಾಯಿತು. ಯಾವುದೇ ಒಂದು ಶಾಸ್ತ್ರವನ್ನು ಮಾತ್ರ ಬಲ್ಲ ವಿದ್ಯಾರ್ಥಿಗೆ ಈ ಅರ್ಧ ಸತ್ಯವೋ ಆ ಅರ್ಧ ಸತ್ಯವೋ ದೊರೆಯುತ್ತಿತ್ತು.

ಕ್ಷೇತ್ರಕಾರ್ಯ

ಎರಡೂ ವಿಭಾಗಗಳಲ್ಲಿ ಕ್ಷೇತ್ರಕಾರ್ಯಕ್ಕೆ ಪ್ರಮುಖ ಸ್ಥಾನವಿದೆ. ಭೂಗೋಳಶಾಸ್ತ್ರದ ವಿದ್ಯಾರ್ಥಿಗಳಿಗೆ 1:50,000 ಪ್ರಮಾಣದ ಸ್ಥಳವರ್ಣನಾ ನಕ್ಷೆಗಳ (ಎರಡು ಸೆಂಟಿಮೀಟರ್‌ಗೆ ಒಂದು ಕಿಲೋಮೀಟರ್) ವಾಚನ, ಮೋಜಣಿ, ದೂರಸಂವೇದಿ ಹಾಗೂ ಜಿ.ಐ.ಎಸ್. ತಂತ್ರಗಳಲ್ಲಿ ತರಬೇತಿ ನೀಡಲಾಗುತ್ತದೆ. ಮಾನವಶಾಸ್ತ್ರದ ವಿದ್ಯಾರ್ಥಿಗಳು ಊರಿನಲ್ಲಿ ತಂಗಿ ಕುಟುಂಬಗಣತಿ, ವಂಶಾವಳಿ ಹಾಗೂ ದಿನಚರಿ ಟಿಪ್ಪಣಿಗಳನ್ನು ಸಿದ್ಧಪಡಿಸುತ್ತಾರೆ. ಟಿಪ್ಪಣಿಗಳ ಪ್ರತಿಯನ್ನು ಬೇರೆಡೆ ಇರಿಸುವುದು ಅಗತ್ಯ. ಪ್ರೊ. ಎಂ.ಎನ್. ಶ್ರೀನಿವಾಸ್ ಅವರು 1948ರಿಂದ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಸಂಗ್ರಹಿಸಿ ಸಂಸ್ಕರಿಸಿದ್ದ ಟಿಪ್ಪಣಿಗಳು 1970ರಲ್ಲಿ ಅಮೆರಿಕದಲ್ಲಿ ಬೆಂಕಿಗೆ ಆಹುತಿಯಾದಾಗ, ಅವರು ಬಹುಪಾಲು ನೆನಪಿನಿಂದಲೇ ಪುಸ್ತಕ ರಚಿಸಬೇಕಾಯಿತು. ಅದು 1976ರಲ್ಲಿ ಪ್ರಕಟವಾಯಿತು. ಅಂತಹ ನೆನಪಿನ ಶಕ್ತಿ ಎಲ್ಲರಿಗೂ ಇರುವುದಿಲ್ಲ.

ನಕ್ಷೆ ಮತ್ತು ಹಕ್ಕು

ಈ ವ್ಯಾಸಂಗದ ಪ್ರಯೋಜನ ಪರೀಕ್ಷೆಗೆ ಸೀಮಿತವಲ್ಲ. ಅರಣ್ಯ ಹಕ್ಕುಗಳ ಮಾನ್ಯತಾ ಅಧಿನಿಯಮ, 2006ರ ಅಡಿಯಲ್ಲಿ ರಚಿತವಾದ 2008ರ ನಿಯಮಗಳ 13ನೇ ನಿಯಮವು ಹಕ್ಕು ಕೋರಿಕೆಗೆ ಸಾಕ್ಷ್ಯಗಳನ್ನು ವಿವರಿಸುತ್ತದೆ. ಹಿರಿಯರ ಲಿಖಿತ ಹೇಳಿಕೆ, ವಂಶಾವಳಿ, ಪವಿತ್ರ ಮರ ಹಾಗೂ ದೇವರ ಬನ, ಸ್ಮಶಾನ, ಹಳೆಯ ನಕ್ಷೆಗಳು, ಮಾನವಶಾಸ್ತ್ರ ಸರ್ವೇಕ್ಷಣಾ ಸಂಸ್ಥೆಯಂತಹ ಸಂಸ್ಥೆಗಳ ಅಧ್ಯಯನಗಳು ಅವುಗಳಲ್ಲಿ ಸೇರಿವೆ. ಕಂದಾಯ ದಾಖಲೆಯಲ್ಲಿ ಹೆಸರಿಲ್ಲದ ಕುಟುಂಬಕ್ಕೆ ಸರಿಯಾಗಿ ಬರೆದ ವಂಶಾವಳಿಯೇ ಆಧಾರವಾಗಬಹುದು. ತಪ್ಪಾಗಿ ಬರೆದರೆ ಆ ಕುಟುಂಬಕ್ಕೇ ನಷ್ಟ.

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಮ್ಮ ಕಾಡನ್ನು ಕುಲಗಳಿಗೆ ಸೇರಿದ ಎಲ್ಲೆಗಳಾಗಿ ಗುರುತಿಸುತ್ತಾರೆ. ಒಂದೊಂದು ಎಲ್ಲೆಗೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ತಾಣಗಳಿವೆ. ಸಂಶೋಧಕರೊಡನೆ ಸೋಲಿಗ ಹಿರಿಯರು ಕಾಡಿನಲ್ಲಿ ನಡೆದು ಇಂತಹ ನೂರಾರು ತಾಣಗಳನ್ನು ಜಿ.ಪಿ.ಎಸ್. ಉಪಕರಣದಲ್ಲಿ ದಾಖಲಿಸಿ ನಕ್ಷೆ ಸಿದ್ಧಪಡಿಸಿದರು. 2011ರಲ್ಲಿ ಇಲ್ಲಿನ ಹಲವು ಪೋಡುಗಳಿಗೆ ಸಮುದಾಯ ಅರಣ್ಯ ಹಕ್ಕುಗಳು ದೊರೆತವು. ಹುಲಿ ಸಂರಕ್ಷಿತ ಪ್ರದೇಶವೊಂದರಲ್ಲಿ ಇಂತಹ ಮಾನ್ಯತೆ ದೊರೆತದ್ದು ದೇಶದಲ್ಲಿ ಇದೇ ಮೊದಲು. ನಕ್ಷೆಯಲ್ಲಿ ಏನನ್ನು ತೋರಿಸಬೇಕು, ಯಾವುದನ್ನು ಗೋಪ್ಯವಾಗಿಡಬೇಕು ಎಂಬ ತೀರ್ಮಾನ ಆಯಾ ಸಮುದಾಯದ್ದೇ ಆಗಿರಬೇಕೆಂಬುದನ್ನು ವಿದ್ಯಾರ್ಥಿಗಳು ಮೊದಲ ದಿನವೇ ತಿಳಿದಿರತಕ್ಕದ್ದು.

ವ್ಯಾಸಂಗಾವಕಾಶ

ರಾಜ್ಯದಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯ ಹಾಗೂ ಮೈಸೂರು ವಿಶ್ವವಿದ್ಯಾನಿಲಯಗಳಲ್ಲಿ ಎರಡೂ ವಿಷಯಗಳಿಗೆ ಪ್ರತ್ಯೇಕ ಅಧ್ಯಯನ ವಿಭಾಗಗಳಿವೆ. ಮಾನವಶಾಸ್ತ್ರ ಸರ್ವೇಕ್ಷಣಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವು ಮೈಸೂರಿನಲ್ಲಿದೆ. ಪದವಿಯು ಎಂ.ಎ. ಅಥವಾ ಎಂ.ಎಸ್ಸಿ. ಎಂಬುದು ಆಯಾ ವಿಶ್ವವಿದ್ಯಾನಿಲಯದ ನಿಯಮಕ್ಕೆ ಒಳಪಟ್ಟಿರುತ್ತದೆ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಮುಖ್ಯ ಪರೀಕ್ಷೆಯಲ್ಲಿ ಎರಡೂ ಐಚ್ಛಿಕ ವಿಷಯಗಳಾಗಿದ್ದು, ತಲಾ 250 ಅಂಕಗಳ ಎರಡು ಪತ್ರಿಕೆಗಳಿರುತ್ತವೆ. ಪ್ರವೇಶ ಬಯಸುವವರು ಅರ್ಜಿ ಸಲ್ಲಿಸುವ ಮುನ್ನ ಕ್ಷೇತ್ರಕಾರ್ಯದ ಅವಧಿ ಹಾಗೂ ಅದರ ವೆಚ್ಚವನ್ನು ಯಾರು ಭರಿಸುತ್ತಾರೆಂಬುದನ್ನು ವಿಭಾಗದಲ್ಲಿ ವಿಚಾರಿಸಿಕೊಳ್ಳುವುದು ಸೂಕ್ತ.